ತಲೆ ಕೊಡಲೊಲ್ಲದ ಹನ್ನೊಂದು ಮಂದಿ

ನಗುವಂಥ ಸಂಗತಿಗಳು ನಡೆಯಲು ಯಾರೂ ನಗಿಸಲು ಹೊರಡಬೇಕಾಗಿಲ್ಲ. ಯಾರಾದರೊಬ್ಬರು ಒಂದು ಕೆಲಸವನ್ನು ಗಂಭೀರವಾಗಿ ಕೈಗೆತ್ತಿಕೊಂಡರೆ ಸಾಕು. ತಿಪಟೂರು ಕಡೆಯ ಕಾಲೇಜೊಂದರಲ್ಲಿ ಫುಟ್‌ಬಾಲ್ ತಂಡ ಕಟ್ಟುವುದು ಅಂಥ ಕೆಲಸ. ಅಲ್ಲಿ ಇಂಥವು ನಡೆಯದ ವಾರವೇ ಇರಲಿಲ್ಲ.

ನಾನು ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವನು, ಕೊನೆಯ ವರ್ಷ ತಂಡದ ನಾಯಕನಾಗಿದ್ದವನು. ಪದವಿ ಬಂತು, ಕೆಲಸ ಬರಲಿಲ್ಲ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಬೋಧಕರ ಹುದ್ದೆ ಬಹುಕಾಲದಿಂದ ಖಾಲಿಯಿದ್ದುದರಿಂದ ನನ್ನನ್ನು ಕರೆದು ‘ಗೌರವ ತರಬೇತುದಾರ’ನನ್ನಾಗಿ ಮಾಡಿದರು. ಗೌರವ ಎಂದರೆ ಸಂಬಳವಿಲ್ಲ ಎಂಬುದು ನನಗೆ ಮೊದಲೇ ತಿಳಿದಿತ್ತು. ಗೌರವವೂ ಇಲ್ಲ ಎಂಬುದು ಸೇರಿದ ಮೇಲೆ ತಿಳಿಯಿತು.

ಅರ್ಧ ಮೈದಾನ

ಈ ಸಾಲಿನ ತಂಡ ಹೇಗಿರಲಿದೆ ಎಂಬುದನ್ನು ಕ್ರೀಡಾ ಸಮಿತಿಯ ಮುಂದೆ ವಿವರಿಸಬೇಕೆಂದು ಕರೆ ಬಂತು. ಸಮಿತಿಯಲ್ಲಿದ್ದವರು ಮೂವರು: ಪ್ರಾಂಶುಪಾಲರು, ಅರ್ಥಶಾಸ್ತ್ರದ ಉಪನ್ಯಾಸಕರು, ಕಚೇರಿಯ ಸೂಪರಿಂಟೆಂಡೆಂಟರು. ಮೂವರಲ್ಲಿ ಯಾರೂ ಚೆಂಡನ್ನು ಕಾಲಿನಿಂದ ಮುಟ್ಟಿದವರಲ್ಲ; ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳುವ ಸ್ವಭಾವದವರು.

ನಾನು ಸ್ಥಿತಿಯನ್ನು ಇದ್ದಂತೆ ಹೇಳಿದೆ. ಹನ್ನೊಂದು ಜನರಲ್ಲಿ ಆರು ಮಂದಿ ಪದವಿ ಮುಗಿಸಿ ಹೋಗಿದ್ದಾರೆ. ಉಳಿದವರು ಐವರು. ಅವರಲ್ಲಿ ಗೋಲ್‌ಕೀಪರ್ ಇಲ್ಲ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಂದ ಆರು ಜನರನ್ನು ಆರಿಸಿ ತಯಾರು ಮಾಡಬೇಕು.

ಪ್ರಾಂಶುಪಾಲರು ಕಣ್ಣು ಮುಚ್ಚಿ ಕೇಳಿದರು. ಅವರ ಮನಸ್ಸಿನಲ್ಲಿ ಬಹುಕಾಲದಿಂದ ಒಂದು ಯೋಜನೆಯಿತ್ತು: ಮೈದಾನಕ್ಕೆ ಕಾಂಕ್ರೀಟ್ ಹಾಕಿಸಿ ಬೈಕುಗಳನ್ನು ನಿಲ್ಲಿಸಲು ಶೆಡ್ಡು ಕಟ್ಟಿಸುವುದು. ಕಣ್ಣು ತೆರೆದು ಬಹಳ ಸಾವಧಾನವಾಗಿ ಕೇಳಿದರು:

“ಈಗ ಇರೋದು ಅರ್ಧ ತಂಡ. ಅರ್ಧ ತಂಡಕ್ಕೆ ಅರ್ಧ ಮೈದಾನ ಸಾಕಲ್ವೇನಪ್ಪ?”

ಅರ್ಥಶಾಸ್ತ್ರದವರು ಇದು ತರ್ಕಬದ್ಧವಾಗಿದೆ ಎಂದು ತಲೆದೂಗಿದರು. ಎದುರಾಳಿ ತಂಡ ಪೂರ್ತಿ ಬರುತ್ತದೆ, ಅವರಿಗೆ ಪೂರ್ತಿ ಮೈದಾನ ಬೇಕಾಗುತ್ತದೆ ಎಂದೆ. “ಅವರು ಅವರ ಮೈದಾನ ತರಲಿ” ಎಂದರು ಸೂಪರಿಂಟೆಂಡೆಂಟರು.

ಕೊನೆಗೆ ಒಂದು ಷರತ್ತು ನಿಶ್ಚಯವಾಯಿತು. ಕಳೆದ ಸಾಲಿನಲ್ಲಿ ನಾವು ಒಂದು ಗೋಲನ್ನೂ ಹೊಡೆದಿರಲಿಲ್ಲ. ನಾಯಕನಾಗಿದ್ದವನು ಇದನ್ನು ಅಲ್ಲಗಳೆಯಲಾರ. ಅಂತರ ಕಾಲೇಜು ಪಂದ್ಯಗಳು ಆರಂಭವಾಗುವ ಮುನ್ನ ತುರುವೇಕೆರೆಯ ಕಾಲೇಜಿನವರ ಜೊತೆ ಒಂದು ಸೌಹಾರ್ದ ಪಂದ್ಯವಿತ್ತು. ಆ ಪಂದ್ಯಕ್ಕೆ ಹನ್ನೊಂದು ಮಂದಿಯನ್ನು ನಿಲ್ಲಿಸಿ ಒಂದೇ ಒಂದು ಗೋಲು ಹೊಡೆದು ತೋರಿಸಿದರೆ ಪ್ರಾಂಶುಪಾಲರು ಮೈದಾನದ ತಂಟೆಗೆ ಬರುವುದಿಲ್ಲ. ಹೊಡೆಯದಿದ್ದರೆ ಮರುವಾರವೇ ಜಲ್ಲಿ ಬಂದು ಬೀಳುತ್ತದೆ. ಗೆಲ್ಲಲೇಬೇಕೇ ಎಂದು ಕೇಳಿದೆ. “ಅಷ್ಟು ದುರಾಸೆ ನಮಗಿಲ್ಲ” ಎಂದರು.

ಹಸಿ ಚೆಂಡು

ಮೊದಲು ಬೇಕಾದದ್ದು ಗೋಲ್‌ಕೀಪರ್. ಮಾಯಸಂದ್ರದ ಕಡೆಯಿಂದ ಬಂದಿದ್ದ ಬಿ.ಕಾಂ. ವಿದ್ಯಾರ್ಥಿಯೊಬ್ಬನ ಅಂಗೈಗಳು ಮೊರದಗಲ ಇದ್ದವು. ಎಲ್ಲಿಗೆ ಒದ್ದರೂ ಹಿಡಿಯುತ್ತಿದ್ದ. ಆದರೆ ಹಿಡಿದ ತಕ್ಷಣ ಚೆಂಡನ್ನು ಬಲಗಿವಿಯ ಹತ್ತಿರ ಒಯ್ದು ಎರಡು ಸಲ ಅಲ್ಲಾಡಿಸುತ್ತಿದ್ದ. ಆಮೇಲೆಯೇ ಎಸೆಯುವುದು.

ಇದರ ಮೂಲ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಕೊಬ್ಬರಿ ಕೆಲಸ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಬಿಟ್ಟುಕೊಂಡು ಲೊಟಲೊಟ ಎಂದರೆ ಒಣಗಿದೆ ಎಂದು ಅರ್ಥ, ಸುಲಿಯಲು ಕೆಳಗಿಳಿಸಬಹುದು. ಚೆಂಡು ಅಷ್ಟೇ ದುಂಡಗೆ, ಸುಮಾರು ಅಷ್ಟೇ ಗಾತ್ರ. ಕೈ ತನ್ನ ಕೆಲಸ ತಾನು ಮಾಡುತ್ತಿತ್ತು.

ನಾನು ಗದರಿದೆ, ಅವನು ಅವಮಾನದಿಂದ ನೆಲ ನೋಡಿದ. ಮರುದಿನ ಮತ್ತೆ ಅದೇ. ಒದೆಯಲು ಎದುರಿಗೆ ಬಂದ ಆಟಗಾರನೂ ಇವನು ಕೇಳಿ ಮುಗಿಸಲಿ ಎಂದು ಮರ್ಯಾದೆಯಿಂದ ಕಾಯುತ್ತಿದ್ದ, ಏಕೆಂದರೆ ಅವರ ಮನೆಯಲ್ಲೂ ಅಟ್ಟವಿತ್ತು. ನನ್ನ ತಾಳ್ಮೆ ಮುಗಿಯಿತು. ಅಷ್ಟು ಗಮನವಿಟ್ಟು ಕೇಳುತ್ತೀಯಲ್ಲ, ಏನು ಕೇಳಿಸಿತು ಹೇಳು ಎಂದೆ.

ಅವನು ಇನ್ನೊಮ್ಮೆ ಅಲ್ಲಾಡಿಸಿ, ಪ್ರಾಮಾಣಿಕವಾಗಿ ಯೋಚಿಸಿ ಹೇಳಿದ: “ಇನ್ನೂ ಹಸಿ ಐತಣ್ಣ. ಆರು ತಿಂಗಳು ಅಟ್ಟದ ಮೇಲೆ ಇರ್‍ಬೇಕು.”

ಮೂವತ್ತು ಅಡಿಯ ಅಂತರ

ಹೊಸ ಆಟಗಾರರೆಲ್ಲ ಚೆಂಡಿನ ಹಿಂದೆ ಒಂದೇ ಗುಂಪಾಗಿ ಓಡುತ್ತಿದ್ದರು. ಸ್ಥಾನ, ಅಂತರ ಎಂಬ ಪದಗಳು ಅವರಿಗೆ ತಲುಪಲಿಲ್ಲ. ಕಲಿಯುವವನ ಬದುಕಿನಿಂದಲೇ ಉದಾಹರಣೆ ಕೊಡಬೇಕು ಎಂದು ಶಿಕ್ಷಣದ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಹಾಗೆ ಬರೆದವರು ಯಾರೂ ನಮ್ಮ ಮೈದಾನಕ್ಕೆ ಬಂದವರಲ್ಲ.

ಎಲ್ಲರನ್ನೂ ಕೂರಿಸಿಕೊಂಡು ಕೇಳಿದೆ: ತೋಟದಲ್ಲಿ ಒಂದು ತೆಂಗಿನ ಸಸಿಗೂ ಇನ್ನೊಂದಕ್ಕೂ ಎಷ್ಟು ಅಂತರ ಬಿಡುತ್ತೀರಿ? ಮೂವತ್ತು ಅಡಿ ಎಂದರು, ಎಲ್ಲರೂ ಒಟ್ಟಿಗೆ. ಒತ್ತಾಗಿ ನೆಟ್ಟರೆ? ಫಲ ಬರುವುದಿಲ್ಲ ಎಂದರು. ಹಾಗಾದರೆ ಮೈದಾನದಲ್ಲೂ ತೋಟದಲ್ಲಿರುವಂತೆಯೇ ನಿಲ್ಲಿ ಎಂದೆ. ಅವರ ಮುಖದಲ್ಲಿ ಬೆಳಕು ಮೂಡಿತು. ಬೋಧನೆಯ ಸಾರ್ಥಕತೆಯನ್ನು ನಾನು ಅನುಭವಿಸಿದ್ದು ಆ ಕ್ಷಣ ಮಾತ್ರ.

ಅವರು ಹೋಗಿ ನಿಂತರು. ಸಾಲು ಸಾಲಾಗಿ, ಅಳೆದಂತೆ ನಿಂತರು. ಆಟ ಶುರುವಾಯಿತು. ಚೆಂಡು ಇಬ್ಬರ ನಡುವೆ ನಿಧಾನವಾಗಿ ಉರುಳಿ ಹೋಯಿತು. ಇಬ್ಬರೂ ಅದನ್ನು ಅಕ್ಕರೆಯಿಂದ ನೋಡಿದರು. ಯಾರೂ ಒಂದು ಹೆಜ್ಜೆ ಇಡಲಿಲ್ಲ. ಇದೇನು ಹೀಗೆ ನಿಂತಿದ್ದೀರಿ ಎಂದು ದಂಡಿನಶಿವರದಿಂದ ಬರುವ ನಮ್ಮ ಮುಂಚೂಣಿ ಆಟಗಾರನನ್ನು ಕೇಳಿದೆ. ತಂಡದಲ್ಲೆಲ್ಲ ವೇಗದ ಓಟಗಾರ ಅವನು.

“ತೆಂಗಿನಮರ ಓಡಾಡಲ್ವಲ್ಲಣ್ಣ” ಎಂದ.

ಅಜ್ಜಿಯ ಪ್ರಶ್ನೆ

ಆದರೆ ತಂಡದ ನಿಜವಾದ ರೋಗ ಬೇರೆ ಇತ್ತು. ಕಾರ್ನರ್ ಕಿಕ್ ಆದಾಗಲೆಲ್ಲ, ಚೆಂಡು ಮೇಲೆ ಹಾರಿ ಗೋಲಿನ ಮುಂದೆ ಇಳಿಯುವ ಹೊತ್ತಿಗೆ, ನಮ್ಮವರೆಲ್ಲ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಚದುರಿ ಓಡುತ್ತಿದ್ದರು. ಓಡುವಾಗ ಚೆಂಡು ಯಾರದಾದರೂ ಕೈಗೆ ತಗುಲುತ್ತಿತ್ತು. ಪೆನಾಲ್ಟಿ.

ಇದನ್ನು ಹೇಡಿತನ ಎನ್ನಲಾಗದು. ಈ ಸೀಮೆಯಲ್ಲಿ ಮಗುವಿಗೆ ನಡೆಯಲು ಬಂದ ಕೂಡಲೇ ಕಲಿಸುವ ಪಾಠ ಒಂದೇ: ಮರದ ಮೇಲಿಂದ ಕಾಯಿ ಕೀಳುವವನು ಕೂಗಿದರೆ ತಲೆಯೆತ್ತಿ ನೋಡಬೇಡ, ತಲೆ ಮುಚ್ಚಿಕೊಂಡು ಓಡು. ನೋಡಲು ನಿಂತವರ ಕಥೆ ಪ್ರತಿ ಊರಿನಲ್ಲೂ ಒಂದಿರುತ್ತದೆ. ನಮ್ಮ ಮೈದಾನದ ಪಕ್ಕದಲ್ಲೇ ತೋಟವಿದ್ದು, ಆ ಕೂಗು ತರಗತಿಯೊಳಗೂ ಕೇಳುತ್ತಿತ್ತು. ಪರೀಕ್ಷೆಯ ನಡುವೆಯೂ ಕೈಗಳು ತಲೆಗೆ ಹೋಗುವುದನ್ನು ನಾನು ಕಂಡಿದ್ದೇನೆ.

ನಾನು ಇದನ್ನು ಕುರಿತು ಬಹಳ ಯೋಚಿಸಿದೆ. ಮೇಲಿಂದ ಬರುವುದನ್ನೆಲ್ಲ ತಪ್ಪಿಸಿಕೊಂಡು ಬದುಕುಳಿಯುವುದೇ ಬುದ್ಧಿವಂತಿಕೆ ಎಂದು ನಮಗೆ ಕಲಿಸಿದ್ದಾರೆ. ಕಾಯಿಯ ವಿಷಯದಲ್ಲಿ ಅದು ನಿಜ. ಆದೇಶಗಳ ವಿಷಯದಲ್ಲಿ, ಸಮಿತಿಗಳ ವಿಷಯದಲ್ಲಿ ಅದೇ ಅಭ್ಯಾಸ ಮುಂದುವರಿದಿದೆ: ತಲೆ ಮುಚ್ಚಿಕೊಳ್ಳುತ್ತೇವೆ, ಓಡುತ್ತೇವೆ, ಬಿದ್ದದ್ದೇನೆಂದು ಆಮೇಲೆ ಬಂದು ನೋಡುತ್ತೇವೆ. ನಾನು ಆಡುತ್ತಿದ್ದಾಗ ನಾನೂ ಹೀಗೆಯೇ ಓಡುತ್ತಿದ್ದೆನೇ? ನೆನಪಿಲ್ಲ. ಓಡುವವನ ಕಣ್ಣಿಗೆ ತನ್ನ ಓಟ ಕಾಣುವುದಿಲ್ಲ.

ಈ ಅಭ್ಯಾಸವನ್ನು ಮುರಿಯಲು ಚೆಂಡನ್ನು ಹಗ್ಗಕ್ಕೆ ಕಟ್ಟಿ ತೂಗಿಬಿಟ್ಟು, ದಿನವೂ ಅದಕ್ಕೆ ಹಣೆ ತಾಗಿಸುವಂತೆ ಮಾಡಿದೆ. ಮೂರನೆಯ ದಿನ ಗೋಲ್‌ಕೀಪರನ ಅಜ್ಜಿ ಮಾಯಸಂದ್ರದಿಂದ ಬಸ್ಸು ಹತ್ತಿ ನೇರ ಮೈದಾನಕ್ಕೆ ಬಂದರು. ಮೊಮ್ಮಗ ಹಣೆಯ ಮೇಲೆ ಕೆಂಪು ಗುರುತು ಹೊತ್ತು ಮನೆಗೆ ಹೋಗಿದ್ದ. ಅಜ್ಜಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಮೇಲಿಂದ ಬೀಳೋದಕ್ಕೆ ತಲೆ ಕೊಡು ಅಂತ ಹೇಳ್ಕೊಡೋನು ನೀನೇನಪ್ಪಾ?”

ನಾನೇ ಎಂದೆ.

“ಓದಿದ್ದೀಯಾ?”

ಬಿ.ಎಸ್ಸಿ. ಎಂದೆ, ಸ್ವಲ್ಪ ಬಿಗಿಯಾಗಿಯೇ.

ಅಜ್ಜಿಯ ಕೋಪ ಅಲ್ಲೇ ಇಳಿಯಿತು. ನನ್ನ ಕೈ ಸವರಿ, ಕನಿಕರದಿಂದ ಹೇಳಿದರು: “ಅದಕ್ಕೇ. ನಿಂದೇನೂ ತಪ್ಪಿಲ್ಲ ಬುಡು.”

ಚದುರುವವರು

ಹತ್ತು ಜನ ಆದರು. ಹನ್ನೊಂದನೆಯವನು ಸಿಕ್ಕಿದ್ದು ಗ್ರಂಥಾಲಯದ ಬಾಗಿಲಲ್ಲಿ. ಬಾಗಿಲಿನ ಮೇಲ್ಪಟ್ಟಿಗೆ ತಲೆ ಬಡಿಸಿಕೊಂಡು, ಏನೂ ಆಗದವನಂತೆ ಒಳಗೆ ಹೋಗುತ್ತಿದ್ದ. ನಾನು ಆ ತಲೆಯನ್ನು ಹಿಂಬಾಲಿಸಿದೆ. ಕೆಂಕೆರೆಯಿಂದ ಆಚೆಯ ಹಟ್ಟಿಯವನು, ಕುರಿ ಸಾಕುವ ಮನೆಯವನು, ಬಿ.ಎ. ಮೊದಲ ವರ್ಷ. ನಿಮ್ಮ ಹಟ್ಟಿಯಲ್ಲಿ ತೆಂಗಿನ ಮರಗಳಿವೆಯೇ ಎಂದು ಕೇಳಿದೆ. ಒಂದೂ ಇಲ್ಲ ಎಂದ. ಮೇಲಿಂದ ಏನಾದರೂ ಬೀಳುತ್ತದೆಯೇ?

“ನಮ್ ಕಡೆ ಮೇಲಿಂದ ಬೀಳೋದು ಮಳೆ ಒಂದೇ ಕಣಣ್ಣ. ಅದು ಬಂದ್ರೆ ನಿಂತ್ಕೊಂಡು ನೋಡ್ತೀವಿ.”

ನಾನು ಅವನನ್ನು ಅಲ್ಲೇ ಆರಿಸಿದೆ. ಅವನಿಗೆ ಆಟವೇ ತಿಳಿಯದು ಎಂಬುದು ಮಾತ್ರ ಸಂಜೆ ಗೊತ್ತಾಯಿತು. ಚೆಂಡನ್ನು ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಲ್ಲರ ಹಿಂದೆ ನಿಂತು, ಸಿಳ್ಳೆ ಹಾಕಿ, ಎರಡೂ ಕೈ ಚಾಚಿ, ಎರಡೂ ಕಡೆಯ ಆಟಗಾರರನ್ನು ಒಂದು ಮೂಲೆಗೆ ಸೇರಿಸಿಬಿಟ್ಟ. ಅವರೂ ಹೋದರು; ಏಕೆ ಹೋದೆವೆಂದು ಅವರಿಗೂ ತಿಳಿಯಲಿಲ್ಲ. ನೋಡಬೇಕಾದದ್ದು ಚೆಂಡನ್ನು, ಜನರನ್ನಲ್ಲ ಎಂದು ವಿವರಿಸಿದೆ.

“ಬಾಲು ಎಲ್ಲೂ ಹೋಗಲ್ಲ ಬುಡಣ್ಣ” ಎಂದ. “ಚದ್ರೋರು ಇವ್ರೇ.”

ಕಣ್ಣಾರೆ ಕಂಡವರು

ಪಂದ್ಯದ ದಿನ ಬಂತು. ಬೆಳಿಗ್ಗೆಯೇ ಇಬ್ಬರು ಬಂದು ಟೇಪು ಹಿಡಿದು ಮೈದಾನ ಅಳೆದು, ಶೆಡ್ಡಿನ ಕಂಬಗಳಿಗೆ ಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ಅವರ ಗೆರೆಗಳು ನಮ್ಮ ಗೆರೆಗಳಿಗಿಂತ ನೆಟ್ಟಗಿದ್ದವು. ಪ್ರಾಂಶುಪಾಲರು ಗೆರೆಯಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಸೂಪರಿಂಟೆಂಡೆಂಟರು ಅವರಿಗೆ ಕೊಡೆ ಹಿಡಿದು ನಿಂತರು. ತೀರ್ಪುಗಾರರಾಗಿ ತುರುವೇಕೆರೆ ಕಾಲೇಜಿನ ದೈಹಿಕ ಶಿಕ್ಷಣ ಬೋಧಕರೇ ಬಂದಿದ್ದರು.

ಆಟ ಮುಗಿಯಲು ಬಂದಾಗ ನಾವು ಮೂರು ಗೋಲು ಬಿಟ್ಟುಕೊಟ್ಟಿದ್ದೆವು. ಅವುಗಳಲ್ಲಿ ಒಂದು, ಚೆಂಡು ನಮ್ಮ ಗೋಲ್‌ಕೀಪರನ ಕಿವಿಯ ಬಳಿಯಿದ್ದಾಗ ಕೈಜಾರಿ ಒಳಗೆ ಬಿದ್ದದ್ದು. ನಮ್ಮ ಕಡೆ ಸೊನ್ನೆ. ಪ್ರಾಂಶುಪಾಲರು ನೋಡುತ್ತಿದ್ದುದು ಆಟವನ್ನಲ್ಲ, ಸುಣ್ಣದ ಗುರುತುಗಳನ್ನು. ಐವರು ಹಳಬರು ನನ್ನ ಕಡೆ ನೋಡಿದರು. ಈ ಮೈದಾನ ಬಿಟ್ಟರೆ ಅವರಿಗೆ ಇನ್ನೊಂದಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಇರಲಿಲ್ಲ.

ಅಷ್ಟರಲ್ಲಿ ನಮಗೊಂದು ಕಾರ್ನರ್ ಕಿಕ್ ಸಿಕ್ಕಿತು. ದಂಡಿನಶಿವರದವನು ಒದ್ದ. ಚೆಂಡು ಎತ್ತರಕ್ಕೆ ಹಾರಿ, ಗೋಲಿನ ಮುಂದೆ ಇಳಿಯತೊಡಗಿತು. ಸರಿಯಾಗಿ ಆಗಲೇ ಪಕ್ಕದ ತೋಟದ ಮರದ ಮೇಲಿಂದ ಕಾಯಿ ಕೀಳುವವನು ಕೂಗಿದ:

“ಕಾಯಿ ಬತ್ತು! ಪಕ್ಕಕ್ಕೆ ಹೋಗ್ರಪ್ಪೋ!”

ತುರುವೇಕೆರೆಯೂ ತೆಂಗಿನ ಸೀಮೆಯೇ. ಎರಡೂ ತಂಡದವರು ತಲೆ ಮುಚ್ಚಿಕೊಂಡು ಓಡಿದರು. ಅವರ ಗೋಲ್‌ಕೀಪರ್ ಕಂಬವನ್ನು ತಬ್ಬಿಕೊಂಡು ಕೂತ. ತೀರ್ಪುಗಾರರು ಬಾಯಲ್ಲಿ ಸೀಟಿ ಇಟ್ಟುಕೊಂಡೇ ಬೋರಲು ಮಲಗಿದರು. ತಿಂಗಳಿನಿಂದ ಎಲ್ಲರಿಗೂ ತಲೆ ಕೊಡುವುದನ್ನು ಕಲಿಸಿದ್ದ ನಾನು ಗೆರೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ಎರಡೂ ಕೈ ನೆತ್ತಿಯ ಮೇಲಿಟ್ಟುಕೊಂಡಿದ್ದೆ. ಅಜ್ಜಿ ನೋಡಿದ್ದರೆ ಮೆಚ್ಚುತ್ತಿದ್ದರು.

ಬುರುಡೆಗೆ ಏನೋ ಬಡಿದ ಸದ್ದು ಮಾತ್ರ ಕೇಳಿಸಿತು.

ಕಣ್ಣು ತೆರೆದಾಗ ಮೈದಾನದಲ್ಲಿ ನೆಟ್ಟಗೆ ನಿಂತಿದ್ದವನು ಕೆಂಕೆರೆ ಕಡೆಯವನೊಬ್ಬನೇ. ಹಣೆ ಉಜ್ಜಿಕೊಳ್ಳುತ್ತಿದ್ದ. ಚೆಂಡು ಗೋಲ್‌ಕಂಬಗಳ ಹಿಂದಿನ ಚರಂಡಿಯಲ್ಲಿತ್ತು. ನಮ್ಮ ಕಂಬಗಳಿಗೆ ಬಲೆಯಿಲ್ಲ. ಚೆಂಡು ಕಂಬಗಳ ನಡುವೆ ಹೋಯಿತೋ ಪಕ್ಕದಲ್ಲಿ ಹೋಯಿತೋ ಹೇಳುವ ಸಾಕ್ಷ್ಯವಿರಲಿಲ್ಲ. ತೀರ್ಪುಗಾರರು ಅಂಗಿಯ ಮಣ್ಣು ಕೊಡವಿಕೊಳ್ಳುತ್ತಾ ಅವನ ಬಳಿ ಬಂದು ಏನಾಯಿತೆಂದು ಕೇಳಿದರು.

“ತಲೆಗೆ ಬಡ್ದು ಕಂಬದ ಮಧ್ಯದಾಗೆ ಹೋಯ್ತು ಸಾರ್” ಎಂದ. ಎಲ್ಲರ ಮುಖ ನೋಡಿ ಹೆದರಿ, “ತಪ್ಪಾಯ್ತು, ಇನ್ನೊಂದ್ಸಲ ಮಾಡಲ್ಲ” ಎಂದು ಸೇರಿಸಿದ.

ತುರುವೇಕೆರೆಯ ನಾಯಕ ಇದನ್ನು ಒಪ್ಪಲಿಲ್ಲ. ಹೊಡೆದವನ ಮಾತು ಸಾಕ್ಷಿಯಾಗದು, ಚೆಂಡು ಹೊರಗೇ ಹೋಗಿದೆ ಎಂದು ವಾದಿಸಿದ. ನೀನು ನೋಡಿದೆಯಾ ಎಂದರೆ, ಇಲ್ಲ ಎಂದ. ತೀರ್ಪುಗಾರರು ತಾವೂ ನೋಡಿಲ್ಲವೆಂದು ಹೇಳುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ, ಆಡದೆ ಕೂತು ನೋಡುತ್ತಿದ್ದ ಹಿರಿಯರು ಒಬ್ಬರಿದ್ದಾರೆ, ಅವರನ್ನೇ ಕೇಳೋಣ ಎಂದರು. ಎಲ್ಲರೂ ಗೆರೆಯ ಕಡೆ ತಿರುಗಿದೆವು.

ಸೂಪರಿಂಟೆಂಡೆಂಟರು ಕೊಡೆಯ ಸಮೇತ ಓಡಿ ಕಚೇರಿಯ ಮೆಟ್ಟಿಲು ಸೇರಿದ್ದರು. ನೆರಳೂ ರಕ್ಷಣೆಯೂ ಒಟ್ಟಿಗೆ ತಪ್ಪಿದ ಪ್ರಾಂಶುಪಾಲರು ಕೈಗೆ ಸಿಕ್ಕಿದ್ದನ್ನು ಬಳಸಿಕೊಂಡಿದ್ದರು. ನೋಡಿಲ್ಲ ಎನ್ನಬೇಕಾದರೆ ಆ ಹೊತ್ತಿನಲ್ಲಿ ತಾವೇನು ಮಾಡುತ್ತಿದ್ದೆವೆಂದು ಹೇಳಬೇಕಾಗುತ್ತಿತ್ತು. ಅವರು ಒಮ್ಮೆ ಸುಣ್ಣದ ಗುರುತುಗಳನ್ನು ನೋಡಿದರು. ಒಮ್ಮೆ ನೆರೆದಿದ್ದ ವಿದ್ಯಾರ್ಥಿಗಳನ್ನು ನೋಡಿದರು.

“ಗೋಲೇ ಕಣ್ರೀ, ಅದ್ರಲ್ಲಿ ಅನುಮಾನ ಯಾಕೆ? ನಾನೇ ಕಣ್ಣಾರೆ ನೋಡಿದೀನಿ” ಎಂದರು, ಬಹಳ ಗಂಭೀರವಾಗಿ, ತಲೆಯ ಮೇಲೆ ಬೋರಲು ಹಾಕಿಕೊಂಡಿದ್ದ ಕುರ್ಚಿಯ ಕಾಲುಗಳ ಕೆಳಗಿನಿಂದ.