ಬರ್ ದುಬೈಯಲ್ಲಿ ಗ್ರೇಲಿಂಗ್ ಬೇಟೆ

ರಘುನಂದನನ ನಾಲಿಗೆಗೆ ಒಂದು ಚಾಳಿಯಿತ್ತು. ಬಾಸ್ ಏನು ಕೇಳಿದರೂ ಅದು ಮಿದುಳಿನ ಅಪ್ಪಣೆಗೆ ಕಾಯದೆ "ಯೆಸ್ ಸರ್" ಎಂದುಬಿಡುತ್ತಿತ್ತು.

ತೊಂಬತ್ತರ ದಶಕದ ಆ ಜನವರಿಯಲ್ಲಿ ಅವನ ಏರ್‌ಕಂಡೀಷನಿಂಗ್ ಕಂಪನಿ ಒಬ್ಬನನ್ನು ತರಬೇತಿಗೆಂದು ಎಡಿನ್‌ಬರೋಗೆ ಕಳಿಸುವುದಿತ್ತು. ಜತೆಗೆ ಹೊರಟವರು ಸ್ಕಾಟ್ಲೆಂಡಿನವರೇ ಆದ ಬಾಸ್. ಚಳಿಗಾಲ ಬಂದರೆ ಟ್ವೀಡ್ ನದಿಯಲ್ಲಿ ಸೊಂಟದವರೆಗೆ ನಿಂತು ಗ್ರೇಲಿಂಗ್ ಎಂಬ ಮೀನು ಹಿಡಿಯುವುದು ಅವರ ಹುಚ್ಚು.

"ನಿಮ್ಮಲ್ಲಿ ಯಾರಾದರೂ ಗಾಳ ಹಾಕಿದ್ದೀರಾ?" ಎಂದು ಗುರುವಾರ ಆಫೀಸಿನಲ್ಲಿ ಕೇಳಿದರು.

"ಯೆಸ್ ಸರ್. ಕಾವೇರಿಯಲ್ಲಿ, ಪ್ರತಿ ಭಾನುವಾರ," ಎಂದಿತು ನಾಲಿಗೆ.

ಮೈಸೂರಿನ ಈ ಸಸ್ಯಾಹಾರಿ ಕಾವೇರಿಯ ಮೀನಿಗೆ ಮಾಡಿದ್ದು ಒಂದೇ ಕೆಲಸ: ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಕೂತು ಪುರಿ ಎಸೆದದ್ದು. ಬಾಸ್ ಹುಬ್ಬೇರಿಸಿ, ತಮ್ಮ ಹಳೆಯ ಗಾಳದ ಕೋಲನ್ನೂ ಒಂದು ಪುಟ್ಟ ಪುಸ್ತಕವನ್ನೂ ಕೊಟ್ಟರು. "ಕೈ ಪಳಗಿಸಿಕೋ. ಯಾರು ಬರಬೇಕೆಂದು ಶನಿವಾರ ಹೇಳುತ್ತೇನೆ."

ಏಳು ಬೇಸಿಗೆ ದುಬೈಯಲ್ಲಿ ಬೆಂದಿದ್ದ ರಘುನಂದನನಿಗೆ ಜೀವನದಲ್ಲಿ ಒಮ್ಮೆ ಹಿಮ ನೋಡಬೇಕಿತ್ತು. ಹೆಂಡತಿ ಕೋಕಿಲಾ ಅಷ್ಟರಲ್ಲೇ ಬಿಲ್ಡಿಂಗಿಗೆಲ್ಲ ಸುದ್ದಿ ಹಂಚಿ, ಅತ್ತಿಗೆಯ ಹತ್ತಿರ ಸ್ವೆಟರ್ ಸಾಲ ಕೇಳಿಯಾಗಿತ್ತು.

ವಾರದ ರಜೆಯಾದ ಶುಕ್ರವಾರ ಎದ್ದು ನೋಡಿದರೆ ರಾತ್ರಿ ಹೊಯ್ದ ಮಳೆಗೆ ಬರ್ ದುಬೈ ಬಡಾವಣೆಯ ಅವರ ಮನೆಯೆದುರಿನ ಬೀದಿಯಲ್ಲಿ ಮೊಣಕಾಲುದ್ದ ನೀರು. ಬೀದಿಯ ತುದಿಯಲ್ಲಿ ಒಂದು ಟ್ಯಾಂಕರ್ ಪಂಪು ಹಚ್ಚಿ ನೀರೆಳೆಯುತ್ತಿದ್ದುದರಿಂದ ಅದಕ್ಕೊಂದು ಹರಿವೂ ಬಂದಿತ್ತು. ಪುಸ್ತಕದಲ್ಲಿ "ಚಳಿಗಾಲದ ಏರುನೀರು" ಎಂಬ ಅಧ್ಯಾಯವೇ ಇತ್ತು. ರಘುನಂದನ ಪ್ಯಾಂಟು ಮಡಚಿ ಇಳಿದೇಬಿಟ್ಟ.

"ನೀರು ಏರಿದಾಗ ಮೀನು ನಡುಹೊಳೇಲಿ ಇರಲ್ವಂತೆ ಕಣೇ," ಎಂದು ಮೆಟ್ಟಿಲ ಮೇಲಿದ್ದ ಕೋಕಿಲಾಗೆ ವಿವರಿಸಿದ. "ಬಂಡೆ ಹಿಂದೆ, ನೀರು ನಿಧಾನ ಇರೋ ಕಡೆ ಸೇರ್ಕೊಳುತ್ತಂತೆ. ಗಾಳಕ್ಕೆ ಹುಳದ ವೇಷ ಹಾಕಿ ಅಲ್ಲಿಗೇ ಬಿಡ್ಬೇಕು."

"ಬಂಡೆ ಎಲ್ಲಿದೇರೀ?"

"ಅದೋ, ಕೆಟ್ಟು ನಿಂತಿರೋ ನಿಸಾನ್ ಸನ್ನಿ ಕಾರು."

ಕೋಲನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ತಂದ. ಕೋಲು ಬಂತು, ದಾರ ಬರಲಿಲ್ಲ. ಜಗ್ಗಿದ. ಮೊದಲ ಮಹಡಿಯ ಬಾಲ್ಕನಿಯಿಂದ ಚೌಕುಳಿ ಲುಂಗಿಯೊಂದು ಸೂತ್ರ ಹರಿದ ಗಾಳಿಪಟದಂತೆ ತೇಲಿಬಂದು ಅವನ ತಲೆಯ ಮೇಲೆ ಕೂತಿತು.

"ಅಯ್ಯೋ, ಇವರ ಲುಂಗಿ!" ಉಳ್ಳಾಲದ ಬೀಯಮ್ಮ ಬಾಲ್ಕನಿಗೆ ಓಡಿಬಂದರು. "ರಘು ಅಣ್ಣಾ, ಮೀನು ಬೇಕಾದ್ರೆ ನನ್ನ ಹತ್ರ ಕೇಳ್ಬಾರ್ದಾ? ಫ್ರಿಜ್ಜಲ್ಲಿ ಬಂಗುಡೆ ಉಂಟು!"

"ತಿನ್ನೋಕಲ್ಲ ಬೀಯಮ್ಮ, ಹಿಡಿದು ವಾಪಸ್ ಬಿಡೋಕೆ!"

"ಬಿಡ್ಲಿಕ್ಕಾದ್ರೆ ಹಿಡಿಯುದು ಎಂತಕ್ಕೆ?"

ರಘುನಂದನ ಉತ್ತರಕ್ಕೆಂದು ಪುಸ್ತಕದ ಪುಟ ತಿರುವತೊಡಗಿದ. ಕೋಕಿಲಾ ಕತ್ತರಿ ತಂದು ಗಾಳವನ್ನೇ ಕತ್ತರಿಸಿ, ದಾರದ ತುದಿಗೆ ಕೆಂಪು ಉಣ್ಣೆಯ ಕುಚ್ಚು ಕಟ್ಟಿದಳು.

ಗಲಾಟೆ ಕೇಳಿ ಎದುರು ಮನೆಯ ಮೊರಿಸ್ ಚಹಾದ ಲೋಟ ಹಿಡಿದು ಹೊರಬಂದ. ಉದ್ಯಾವರದವನು, ರಘುನಂದನನ ಆಫೀಸಿನಲ್ಲೇ ಕೆಲಸ.

"ಮೀನಿಲ್ಲದೆ ಎಂತ ಪ್ರಾಕ್ಟೀಸ್ ಮಾರಾಯ? ನಾನೇ ಮೀನು. ಯಲ್ಲಾ, ಶುರು ಮಾಡು, ಬೀಸು!"

ಮೊರಿಸ್ ಸನ್ನಿಯ ಹಿಂದೆ ಕುಕ್ಕರಿಸಿದ. ಕುಚ್ಚು ಹತ್ತಿರ ಬಿದ್ದಾಗಲೆಲ್ಲ ಅದನ್ನು ಹಿಡಿದು ಟ್ಯಾಂಕರಿನತ್ತ ಓಡುವುದು, ರಘುನಂದನ ದಾರ ಬಿಟ್ಟು ಸುತ್ತಿ ಅವನನ್ನು ಎಳೆದು ತರುವುದು. ಬಾಲ್ಕನಿಗಳೆಲ್ಲ ಸ್ಟೇಡಿಯಮ್ ಆದವು.

"ಬಲಕ್ಕೆ ಎಳೀರಿ! ಬಿಡ್ಬೇಡಿ ಅಣ್ಣಾ, ದೊಡ್ಡ ಮೀನು!" ಎಂದು ಬೀಯಮ್ಮ ಲುಂಗಿ ಬೀಸಿದರು.

ಮಧ್ಯಾಹ್ನದ ಹೊತ್ತಿಗೆ ಒಂದು ಪವಾಡ ನಡೆಯಿತು. ರಘುನಂದನನಿಗೆ ನಿಜವಾಗಿಯೂ ಕೈ ಕೂಡಿತು. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು ಬೀಸಿದರೆ, ಕುಚ್ಚು ಹೋಗಿ ಸನ್ನಿಯ ಡಿಕ್ಕಿಯ ಹಿಂದೆ ಒಣಗಿದ ಎಲೆಯಂತೆ ಇಳಿಯುತ್ತಿತ್ತು.

ಅಂಥ ಒಂದು ಬೀಸಿಗೆ ಸರಿಯಾಗಿ ಎತ್ತರದ ಜೀಪೊಂದು ನೀರು ಸೀಳಿಕೊಂಡು ಬಂದು ನಿಂತಿತು. ಮಳೆ ಬಂದಾಗ ಊರೆಲ್ಲ ಒಳಗೆ ಕೂತರೆ, ಬಾಸ್ ತವರಿನ ನೆನಪಿಗೆ ನೀರು ನೋಡಲು ಹೊರಡುವವರು. ಅವರು ಕಿಟಕಿ ಇಳಿಸಿ ಉಸಿರು ಬಿಗಿಹಿಡಿದು ನೋಡಿದರು.

"ಅದ್ಭುತ! ಏರುನೀರಿನಲ್ಲಿ ಮೀನು ಎಲ್ಲಿರುತ್ತದೆಂದು ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು."

ರಘುನಂದನನ ಮೂಗಿಗೆ ಹಿಮದ ವಾಸನೆ ಬಡಿಯಿತು. ಕೋಕಿಲಾ ಮೆಟ್ಟಿಲ ಮೇಲೆಯೇ ಕೈ ಮುಗಿದಳು.

ಬಾಸ್ ತೊಪ್ಪೆಯಾಗಿದ್ದ ಮೊರಿಸನ ಕಡೆ ತಿರುಗಿದರು. "ನಿನಗೂ ಬರುತ್ತದೆಯೇ?"

"ನನಗೆ ತಿನ್ನಲು ಮಾತ್ರ ಬರುತ್ತದೆ ಸರ್."

"ಹಾಗಾದರೆ ನೀನೇ ಬಾ. ಶನಿವಾರದವರೆಗೆ ಕಾಯುವುದೇಕೆ?"

ಕೋಕಿಲಾ ಮುಗಿದ ಕೈ ಕೆಳಗಿಳಿಸಿದಳು.

"ಪ್ರತಿ ವರ್ಷ ನನ್ನ ಜತೆ ಬರುವವನು ನನಗಿಂತ ಹೆಚ್ಚು ಮೀನು ಹಿಡಿದು, ಸಂಜೆಯಿಡೀ ಅದನ್ನೇ ಹೇಳುತ್ತಾನೆ," ಎಂದರು ಬಾಸ್. "ಈ ಸಲ ಏನೂ ಬಾರದವನೇ ನನಗೆ ಬೇಕು. ಕ್ಷಮಿಸು ರಘು, ನೀನು ಅಪಾಯದ ಮನುಷ್ಯ."

ಜೀಪು ಹೊರಟಿತು. ರಘುನಂದನ ಕೋಲು ಎತ್ತಿಹಿಡಿದು, ನೀರು ಹಾರಿಸುತ್ತ ಪಕ್ಕದಲ್ಲೇ ಓಡಿದ.

"ಸರ್! ನನಗೂ ಏನೂ ಬರುವುದಿಲ್ಲ ಸರ್! ಕಾವೇರಿಯ ಕತೆ ಸುಳ್ಳು! ಗಾಳದ ಕೋಲು ಹಿಡಿದದ್ದೇ ಇವತ್ತು ಬೆಳಿಗ್ಗೆ!"

ಬಾಸ್ ಬ್ರೇಕು ಹಾಕಿದರು. ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮೂವತ್ತು ವರ್ಷದಿಂದ ಗಾಳ ಹಾಕುವವರ ಸುಳ್ಳುಗಳನ್ನು ಕೇಳುತ್ತ ಬಂದಿದ್ದೇನೆ ರಘು," ಎಂದರು ಕಣ್ಣೊರೆಸಿಕೊಂಡು. "'ಇವತ್ತೇ ಕೋಲು ಹಿಡಿದೆ' ಎಂಬಷ್ಟು ದೊಡ್ಡದನ್ನು ಕೇಳಿದ್ದು ಇದೇ ಮೊದಲು!"