ಪಾಳು ಇಟ್ಟಿಗೆಗೂಡಿಗೆ ಬಂದ ಗಾಜಿನ ಬಸ್ ನಿಲ್ದಾಣ

ಕಡಲ ತೀರದ ಪ್ರವಾಸಿ ಪಟ್ಟಣಕ್ಕೆ ಹೋಗುವ ಸಮಸ್ತ ಬಸ್ಸುಗಳ ಹೊಣೆ ಹೊತ್ತಿರುವ ಸಾರಿಗೆ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ತಾವೂ ತಮ್ಮ ಮನೆಯವರೂ ತಮ್ಮ ಕಚೇರಿಯ ಕುರ್ಚಿ ಮೇಜುಗಳೂ ದೇವರ ದಯೆಯಿಂದ ಕ್ಷೇಮವೆಂದು ನಂಬಿ, ಎರಡೂ ಕೈ ಜೋಡಿಸಿ ನಮಸ್ಕರಿಸಿ, ಆಮೇಲೆ ಒಂದು ಕೈ ಬಿಡಿಸಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಅಕ್ಷರದಲ್ಲಿ ತಪ್ಪಿದ್ದರೆ ತಾವೇ ತಿದ್ದಿಕೊಳ್ಳಿ, ವಿಷಯದಲ್ಲಿ ತಪ್ಪಿದ್ದರೆ ನನ್ನನ್ನು ಕರೆಸಿ ಕೇಳಿ. ಆದರೆ ಕರೆಸುವುದಾದರೆ ಬರಲು ಬಸ್ಸಿಲ್ಲ, ಅದೇ ವಿಷಯ.

ಹನ್ನೊಂದು ವರ್ಷದಿಂದ ನಾನು ಆ ಪಟ್ಟಣದ ಒಂದು ದೊಡ್ಡ ವಸತಿಗೃಹದಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದೇನೆ. ನಮ್ಮೂರಿನಿಂದ ಹೀಗೆ ಹೋಗುವ ಹೆಂಗಸರು ಒಂಬತ್ತು ಜನ. ನಾವು ಸಮುದ್ರ ನೋಡಲು ಹೋಗುವವರಲ್ಲ, ಸಮುದ್ರ ನೋಡಲು ಬಂದವರು ಮಲಗೆದ್ದ ಹಾಸಿಗೆ ಸರಿಮಾಡಲು ಹೋಗುವವರು. ಬೆಳಿಗ್ಗೆ ದೇವರಿಗೆ ಕೈಮುಗಿದು ಬಾಗಿಲು ದಾಟಿದರೆ ಎದುರಿಗೇ ಬಸ್ಸು ನಿಲ್ಲುತ್ತಿತ್ತು. ಈಗ ತಮ್ಮ ಕೃಪೆಯಿಂದ ಆ ಬಸ್ಸು ಹೋಗಿ ಹೊಸ ಎಕ್ಸ್‌ಪ್ರೆಸ್ ಬಸ್ಸು ಬಂದಿದೆ. ಅದರ ಕಿಟಕಿ ದೊಡ್ಡದು, ಸೀಟು ಮೆತ್ತಗೆ, ಒಳಗೆ ತಂಪು. ಅದರಲ್ಲಿ ಒಂದೇ ಒಂದು ಕುಂದೆಂದರೆ, ಅದು ನಮ್ಮೂರಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಎಲ್ಲಿ ನಿಲ್ಲುತ್ತದೆ ಎಂದು ತಾವು ಮರೆತಿದ್ದರೆ ನೆನಪಿಸುತ್ತೇನೆ. ನಮ್ಮೂರಿಗಿಂತ ಎರಡೂವರೆ ಕಿಲೋಮೀಟರ್ ಹಿಂದೆ, ಹದಿನೈದು ವರ್ಷದಿಂದ ಹೊಗೆ ಕಾಣದ ಪಾಳು ಇಟ್ಟಿಗೆಗೂಡಿನ ಮುಂದೆ ನಿಲ್ಲುತ್ತದೆ. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ, ಮನುಷ್ಯರ ವಾಸನೆಯಿಲ್ಲ. ಅಂಥ ಜಾಗದಲ್ಲಿ ತಾವು ಮೂರು ಕಡೆ ಗಾಜು, ಉಕ್ಕಿನ ಬೆಂಚು, ದೀಪ, ಬಣ್ಣದ ನಕ್ಷೆ ಎಲ್ಲ ಇರುವ ನಿಲ್ದಾಣ ಕಟ್ಟಿಸಿದ್ದೀರಿ. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಸದ್ಯ ಒಂದು ನಾಯಿ ಆ ನಕ್ಷೆಯ ಕೆಳಗೆ ಮಲಗುತ್ತದೆ. ಎಲ್ಲಿಗೂ ಹೋಗುವ ಅವಸರವಿಲ್ಲದ ಪ್ರಯಾಣಿಕರಿಗೆ ಅದಕ್ಕಿಂತ ಒಳ್ಳೆಯ ಸೌಕರ್ಯ ಈ ಸೀಮೆಯಲ್ಲೇ ಇಲ್ಲ.

ಈ ಅದ್ಭುತ ನಡೆದದ್ದರಲ್ಲಿ ನನ್ನ ಪಾಲೂ ಇದೆ ಎಂಬುದನ್ನು ದೇವರೆದುರು ಆಗಲೇ ಒಪ್ಪಿಕೊಂಡಿದ್ದೇನೆ, ಈಗ ತಮ್ಮೆದುರು ಒಪ್ಪಿಕೊಳ್ಳುತ್ತೇನೆ. ಕಳೆದ ವರ್ಷ ತಮ್ಮ ಕಚೇರಿಯವರು ಪ್ರತಿ ನಿಲ್ದಾಣದಲ್ಲಿ ಎಷ್ಟು ಜನ ಹತ್ತುತ್ತಾರೆಂದು ಎಣಿಸಲು ಬರುವ ಹಿಂದಿನ ದಿನ, ನಮ್ಮ ಹಳೆಯ ಬಸ್ಸಿನ ಡ್ರೈವರಣ್ಣ ಮುಖ ಸಣ್ಣದು ಮಾಡಿಕೊಂಡು, “ಅಕ್ಕಾ, ನಾಳೆ ನಿಮ್ಮ ಸ್ಟಾಪಲ್ಲಿ ಆಫೀಸಿನವರು ಕೂತಿರ್ತಾರಂತೆ. ಮೊದಲೇ ತುಂಬಿರೋ ಬಸ್ಸಿಗೆ ನೀವು ಒಂಬತ್ತು ಜನ ನುಗ್ಗೋದು ಕಂಡ್ರೆ ನನ್ನ ಕೆಲಸ ಹೋಯ್ತು ಅಂತಲೇ” ಎಂದ. ಎಷ್ಟೋ ಮಳೆಗಾಲ ನಮ್ಮನ್ನು ಕಾದು ಹತ್ತಿಸಿಕೊಂಡ ಮನುಷ್ಯ. ಅವನಿಗೆ ತೊಂದರೆಯಾಗಬಾರದೆಂದು ನಾನೇ ಹಿರಿಯಳಾಗಿ ಎಲ್ಲರನ್ನೂ ಹೊರಡಿಸಿಕೊಂಡು ಇಟ್ಟಿಗೆಗೂಡಿನವರೆಗೆ ನಡೆಸಿದೆ. ಯಾರಿಗೂ ಕಾಣದಂತೆ ಅಲ್ಲೇ ಹತ್ತಿಬಿಡೋಣವೆಂದು ನನ್ನ ಬುದ್ಧಿವಂತಿಕೆ.

ಗೂಡು ಉರಿಯುತ್ತಿದ್ದ ಕಾಲದ ನಿಲ್ದಾಣ ತಮ್ಮ ಪಟ್ಟಿಯಲ್ಲಿ ಇನ್ನೂ ಉಳಿದಿದ್ದರಿಂದ ಅಲ್ಲೂ ಒಬ್ಬರು ಹಾಳೆ ಹಿಡಿದು ಕೂತಿದ್ದರು. ಬೆಳಗಿನಿಂದ ಖಾಲಿ ಹಾಳೆ ನೋಡಿ ನೋಡಿ ಬೇಸತ್ತಿದ್ದ ಆ ಪುಣ್ಯಾತ್ಮರು ನಮ್ಮನ್ನು ಕಂಡದ್ದೇ ಎದ್ದು ನಿಂತು, “ಬನ್ನಿ ಬನ್ನಿ, ನಿಧಾನ” ಎಂದು ಮದುವೆ ಮನೆಯವರ ಹಾಗೆ ಸ್ವಾಗತಿಸಿ, ಒಬ್ಬೊಬ್ಬರಿಗೂ ಒಂದೊಂದು ಗೆರೆ ಎಳೆದರು. ಅವರ ಹಾಳೆಯಲ್ಲಿ ಹತ್ತಿದವರಿಗೆ ಜಾಗವಿತ್ತೇ ಹೊರತು ಅವರು ಎಲ್ಲಿಯವರು ಎಂಬುದಕ್ಕೆ ಜಾಗವಿರಲಿಲ್ಲ. ನಮ್ಮೂರಿನ ನಿಲ್ದಾಣದಲ್ಲಿ ಕೂತಿದ್ದವರು ಸೊನ್ನೆ ಬರೆದು ಎದ್ದುಹೋದರು. ಹೀಗೆ ಇಟ್ಟಿಗೆಗೂಡು ದೊಡ್ಡ ಊರಾಯಿತು, ನಮ್ಮೂರು ಪಾಳುಬಿತ್ತು. ಇದಕ್ಕಾಗಿ ನಾನು ತಮ್ಮ ಕಚೇರಿಗೆ ಬಂದಾಗ ಗುಮಾಸ್ತರು, “ಅಮ್ಮಾ, ಅಂಕಿ ಸುಳ್ಳು ಹೇಳಲ್ಲ” ಎಂದರು. “ಅಂಕಿ ಹೇಳಲಿಲ್ಲಪ್ಪ, ನಾವು ಹೇಳಿದ್ವಿ” ಎಂದೆ. ಅದನ್ನು ಬರೆದು ಕೊಡಿ ಎಂದರು. ಬರೆದು ಕೊಡುತ್ತಿದ್ದೇನೆ.

ಎಂಟು ಜನರದು ಹೇಗೋ ನಡೆಯುತ್ತದೆ. ಮುಂಜಾನೆ ಹಿಂದಕ್ಕೆ ನಡೆದು ಹೋಗಿ ಬಸ್ಸು ಹತ್ತುತ್ತೇವೆ, ಹತ್ತಿದ ಐದೇ ನಿಮಿಷಕ್ಕೆ ನಮ್ಮ ನಮ್ಮ ಮನೆಯ ಬಾಗಿಲ ಮುಂದೆಯೇ ಹಾಯ್ದುಹೋಗುತ್ತೇವೆ. ಯಾರ ಮನೆಯ ಒಲೆ ಹೊತ್ತಿದೆ, ಯಾರ ಸೊಸೆ ಇನ್ನೂ ಎದ್ದಿಲ್ಲ ಎಂಬುದೆಲ್ಲ ದೊಡ್ಡ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ. ನಡೆಯಲಾರದವಳು ಒಂಬತ್ತನೆಯವಳು, ನನ್ನ ಓರಗಿತ್ತಿ. ಆ ಎಣಿಕೆಯಾದ ಎರಡು ತಿಂಗಳಿಗೆ ಮೂರನೆಯ ಮಹಡಿಯಿಂದ ಒದ್ದೆ ಹೊದಿಕೆಗಳ ಗಂಟು ಇಳಿಸುವಾಗ ಜಾರಿ ಅವಳ ಮಂಡಿ ಹೋಯಿತು. ನಿಂತು ಕೆಲಸ ಮಾಡಬಲ್ಲಳು, ಎರಡೂವರೆ ಕಿಲೋಮೀಟರ್ ನಡೆಯಲಾರಳು. ನಮ್ಮ ಯಜಮಾನರು ಎರಡು ದಿನ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಗೂಡಿನವರೆಗೆ ಬಿಟ್ಟರು; ಮೂರನೆಯ ದಿನ ಅವರ ಸೊಂಟ ಹಿಡಿದುಕೊಂಡಿತು. ಈಗ ಒಂದು ಕೈ ಸೊಂಟದ ಮೇಲಿಟ್ಟು ಇನ್ನೊಂದು ಕೈಯಲ್ಲಿ ತಮ್ಮ ಬಸ್ಸಿಗೆ ಟಾಟಾ ಮಾಡುತ್ತಾರೆ. ಓರಗಿತ್ತಿ ಐದು ದಿನ ಕೆಲಸ ತಪ್ಪಿಸಿಕೊಂಡಿದ್ದಾಳೆ. ಸೋಮವಾರವೂ ಬಾರದಿದ್ದರೆ ಅವಳ ಜಾಗಕ್ಕೆ ಬೇರೆಯವರನ್ನು ಹಾಕುತ್ತೇನೆಂದು ಮೇಲ್ವಿಚಾರಕಿ ಹೇಳಿ ಕಳಿಸಿದ್ದಾಳೆ. ಗಂಡನಿಲ್ಲದ ಅವಳಿಗೂ ಅವಳ ಎರಡು ಹೆಣ್ಣುಮಕ್ಕಳಿಗೂ ಆ ಕೆಲಸ ಬಿಟ್ಟರೆ ಮತ್ತೇನಿಲ್ಲ.

ಆದರೂ ತಮ್ಮ ಮೇಲೆ ಆರೋಪ ಹೊರಿಸಬಾರದು. ಗಾಜಿನ ನಿಲ್ದಾಣದಲ್ಲಿ ತಾವೇ “ಕಡಲ ತೀರ ತಲುಪಲು ಆರು ಸುಲಭ ದಾರಿಗಳು” ಎಂಬ ಫಲಕ ಹಾಕಿಸಿದ್ದೀರಿ, ಅದನ್ನು ಪೂರ್ತಿ ಓದಿದೆ. ಎಕ್ಸ್‌ಪ್ರೆಸ್ ಬಸ್ಸಿನ ಕಥೆ ಹೇಳಿಯಾಯಿತು. ರೈಲು ಬಹಳ ಚೆನ್ನಾಗಿದೆಯಂತೆ, ಹೊಳೆಯ ಆಚೆ ಓಡುತ್ತದೆ, ಸೇತುವೆ ಮಾತ್ರ ಈಚೆ ದಡದವರಿಗೆ ಇನ್ನೂ ಬಂದಿಲ್ಲ. ಹಡಗಿನಲ್ಲಿ ಹೋಗಬೇಕಾದರೆ ಬಂದರಿನಿಂದ ಹತ್ತಬೇಕು, ಅಂದರೆ ಸಮುದ್ರಕ್ಕೆ ಹೋಗಲು ಮೊದಲು ಸಮುದ್ರಕ್ಕೆ ಹೋಗಬೇಕು. ಬಾಡಿಗೆ ಕಾರಿನವನನ್ನು ಕೇಳಿದರೆ, “ಒಂಬತ್ತು ಜನಾನಾ? ಅಮ್ಮಾ, ಇದು ಕಾರು, ಕಣಜ ಅಲ್ಲ” ಎಂದ. ಬಾಡಿಗೆ ಸೈಕಲ್ಲು ಸಿಗುವುದು ಪಟ್ಟಣದಲ್ಲಿ, ತಲುಪಿದವರಿಗೆ. ಆರನೆಯದು “ನಿಸರ್ಗ ಸವಿಯುತ್ತಾ ಕಾಲ್ನಡಿಗೆ” ಎಂದಿದೆ. ಓರಗಿತ್ತಿಗೆ ಓದಿ ಹೇಳಿದೆ. ಮಂಡಿ ನೀವಿಕೊಳ್ಳುತ್ತಾ, “ಅದನ್ನ ಬರೆದವರ ಕಾಲು ಚೆನ್ನಾಗಿರಲಿ ಅಕ್ಕ” ಎಂದಳು. ಅವಳು ನನಗಿಂತ ಒಳ್ಳೆಯವಳು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ನಿಲ್ದಾಣವನ್ನು ನಮ್ಮೂರಿಗೆ ತರುವುದು ನಿಯಮಕ್ಕೆ ವಿರುದ್ಧವಾದರೆ, ನಮ್ಮೂರನ್ನು ನಿಲ್ದಾಣದ ಬಳಿಗೆ ಸಾಗಿಸಿಕೊಡಿ. ಅರವತ್ತೆಂಟು ಮನೆಗಳಿವೆ, ಬಾವಿಯನ್ನು ಬಿಟ್ಟುಬಂದರೂ ನಡೆದೀತು, ಅಲ್ಲೇ ಹೊಸದು ತೋಡಿಕೊಳ್ಳುತ್ತೇವೆ. ಅದೂ ಕಷ್ಟವಾದರೆ, ತಮ್ಮ ಬಸ್ಸು ದಿನಾ ಬೆಳಿಗ್ಗೆ ಸರಿಯಾಗಿ ನಮ್ಮ ಓರಗಿತ್ತಿಯ ಮನೆ ಮುಂದೆ ಒಂದು ನಿಮಿಷ ಕೆಟ್ಟು ನಿಲ್ಲುವಂತೆ ಲಿಖಿತ ಅಪ್ಪಣೆ ಕೊಡಿ. ಹಳೆಯ ಬಸ್ಸುಗಳು ಅಪ್ಪಣೆಯಿಲ್ಲದೆಯೇ ಇದನ್ನು ಮಾಡುತ್ತಿದ್ದವು.

ಇದ್ಯಾವುದೂ ಆಗದಿದ್ದರೆ ಸೋಮವಾರ ಏನಾಗುತ್ತದೆಂದು ಮೊದಲೇ ತಿಳಿಸಿಬಿಡುತ್ತೇನೆ, ಏಕೆಂದರೆ ಮುಚ್ಚಿಡುವುದನ್ನು ಬಿಟ್ಟಿದ್ದೇನೆ. ತಮ್ಮ ಟಿಕೆಟ್ಟಿನ ಹಿಂದೆ, ಪ್ರಯಾಣಿಕರಿಗೆ ಆರೋಗ್ಯ ಕೆಟ್ಟರೆ ಬಸ್ಸನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂದು ಅಚ್ಚಾಗಿದೆ. ನಮ್ಮ ಗುಂಪಿನ ಚಿಕ್ಕವಳು, “ದಿನಕ್ಕೊಬ್ಬರು ವಾಂತಿ ಬಂತು ಅನ್ನೋಣ ಕಣಕ್ಕ, ಅಷ್ಟರಲ್ಲಿ ಅವಳು ಹತ್ತಿಬಿಡ್ತಾಳೆ” ಎಂದಳು. ಸುಳ್ಳು ವಾಂತಿಗೆ ನಾನು ಒಪ್ಪಲಿಲ್ಲ. ಆದರೆ ಮಾನ್ಯರೇ, ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿರುವವಳನ್ನು ಬಿಟ್ಟು ತಮ್ಮ ಬಸ್ಸು ಮುಂದೆ ಹೋಗುವಾಗ ನನಗೆ ನಿಜವಾಗಿಯೂ ಹೊಟ್ಟೆ ತೊಳೆಸುತ್ತದೆ. ಸೋಮವಾರ ಅದನ್ನು ತಡೆದುಕೊಳ್ಳುವುದಿಲ್ಲ. ಮೆತ್ತನೆಯ ಸೀಟುಗಳ ವಿಷಯ ತಮಗೆ ಬಿಟ್ಟದ್ದು.

ತಮ್ಮ ಮೇಲೆ ಸೋಮವಾರದವರೆಗೆ ಸಾಲುವಷ್ಟು ನಂಬಿಕೆ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಒಗೆಯುವ ಕೋಣೆಯ ಹಿರಿಯಳು

ಮರೆತಿದ್ದು: ಮುಂದಿನ ಶನಿವಾರ ತಾವು ಮನೆಯವರೊಂದಿಗೆ ನಮ್ಮ ವಸತಿಗೃಹದ ಮೂರನೆಯ ಮಹಡಿಯಲ್ಲಿ ಸಮುದ್ರ ಕಾಣುವ ಕೋಣೆ ಹಿಡಿದಿದ್ದೀರೆಂದು ತಿಳಿದು ಬಹಳ ಸಂತೋಷವಾಯಿತು. ಆ ಮಹಡಿಯ ಹಾಸಿಗೆಗಳು ನನ್ನ ಓರಗಿತ್ತಿಯ ಪಾಲಿನವು. ಹೊದಿಕೆ ಬದಲಾಗಿದ್ದರೆ ಬಸ್ಸು ನಿಂತಿತೆಂದು ತಿಳಿಯಿರಿ. ಬದಲಾಗದಿದ್ದರೆ, ತಮಗಿಂತ ಮೊದಲು ಅಲ್ಲಿ ಎಷ್ಟು ಜನ ಮಲಗಿದ್ದರೆಂದು ತಾವೇ ಎಣಿಸಿಕೊಳ್ಳಬಹುದು.