ಕುಟೀರದ ಹಾಸಿಗೆ ಬಿಚ್ಚುವುದನ್ನು ನಿಷೇಧಿಸುವ ಕುರಿತು

ಕಿರು ಮೃಗಾಲಯ ನಿರ್ವಹಣಾ ಕಚೇರಿ
(ಅತಿಥಿ ಕುಟೀರ ಶಾಖೆ)
ತೆರಕಣಾಂಬಿ ರಸ್ತೆ, ಗುಂಡ್ಲುಪೇಟೆ ತಾಲ್ಲೂಕು, ಚಾಮರಾಜನಗರ ಜಿಲ್ಲೆ

ಸಂಖ್ಯೆ: ಕಿಮೃ/ಅಕು/ಹಾಸಿಗೆ/07/2024-25
ದಿನಾಂಕ: 20-11-2024

ಸುತ್ತೋಲೆ

ವಿಷಯ: ಕುಟುಂಬ ಸಮೇತ ರಾತ್ರಿ ತಂಗುವ ಅತಿಥಿಗಳು ಕುಟೀರದ ಹಾಸಿಗೆಗಳನ್ನು ಬಿಚ್ಚುವುದು, ಬಡಿಯುವುದು, ಹಿಂಜುವುದು ಮತ್ತು ಮೊದಲಿಗಿಂತ ಚೆನ್ನಾಗಿ ಮಾಡುವುದನ್ನು ನಿಷೇಧಿಸುವ ಬಗ್ಗೆ.

ಉಲ್ಲೇಖ:
1. ಪ್ರಾಣಿಪಾಲಕ ಗುರುಸಿದ್ದಯ್ಯನವರ ಹೇಳಿಕೆ (ಮೌಖಿಕ, ಕೈಗೆಲ್ಲ ಹತ್ತಿ ಅಂಟಿದ್ದರಿಂದ ಬರೆದುಕೊಟ್ಟಿರುವುದಿಲ್ಲ).
2. ಹೆಣ್ಣು ಕರಡಿ ಕುಮಾರಿಯ ದಿನಚರಿ ಪುಸ್ತಕ, ಪುಟ 41.
3. ಈ ಕಚೇರಿಯ ಹಿಂದಿನ ಸುತ್ತೋಲೆ: “ಅತಿಥಿಗಳು ಹಾಸಿಗೆಯ ಬಗ್ಗೆ ದೂರತಕ್ಕದ್ದಲ್ಲ.”

ಪ್ರಸ್ತಾವನೆ

ಪ್ರಾಣಿಗಳ ಸದ್ದು ಕೇಳುತ್ತಾ ಮಲಗಿ ಅವುಗಳೊಂದಿಗೇ ಏಳುವ ಭಾಗ್ಯ ಸಾರ್ವಜನಿಕರಿಗೂ ದೊರೆಯಲೆಂದು ಮೃಗಾಲಯದ ಆವರಣದಲ್ಲಿ ಎರಡು ಕುಟೀರಗಳನ್ನು ತೆರೆದಿರುವುದು ಸರಿಯಷ್ಟೆ. ದಿನಾಂಕ 9-11-2024ರ ಶನಿವಾರ ಮಧ್ಯಾಹ್ನ ಚಾಮರಾಜನಗರದಲ್ಲಿ ಹಾಸಿಗೆ ಅಂಗಡಿ ಇಟ್ಟಿರುವ ಶ್ರೀ ಬಷೀರ್ ಅಹಮದ್, ಅವರ ಪತ್ನಿ ಶ್ರೀಮತಿ ರಹೀಮುನ್ನೀಸಾ ಹಾಗೂ ಏಳು ವರ್ಷದ ಮೊಮ್ಮಗಳು ತಮನ್ನಾ ಒಂದನೇ ಕುಟೀರಕ್ಕೆ ಬಂದಿಳಿದರು.

ರಹೀಮುನ್ನೀಸಾರವರಿಗೆ ಇದು ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಮೊದಲ ಪ್ರವಾಸ. ಹೊರಡುವ ಮುನ್ನ ಪತಿಯಿಂದ ಒಂದು ಮಾತು ಪಡೆದಿದ್ದರು. ಭಾನುವಾರ ಸಂಜೆ ಮನೆ ಸೇರುವವರೆಗೆ ಹತ್ತಿ ಮುಟ್ಟಕೂಡದು, ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಸದರಿ ಮಾತು ಇಪ್ಪತ್ತು ನಿಮಿಷಗಳ ಕಾಲ ಊರ್ಜಿತದಲ್ಲಿತ್ತು. ಇಪ್ಪತ್ತೊಂದನೇ ನಿಮಿಷಕ್ಕೆ ಪತಿಯವರು ಮಂಚದ ಬಳಿ ಹೋಗಿ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದರು.

ಈ ಬಗ್ಗೆ ರಹೀಮುನ್ನೀಸಾರವರು ನೀಡಿದ ಹೇಳಿಕೆ ಹೀಗಿದೆ: “ಇವ್ರು ಸತ್ತೋರ ಮನೆಗೆ ಹೋದ್ರೂ ಮೊದ್ಲು ಹಾಸ್ಗೆ ಒತ್ತಿ ನೋಡ್ತಾರೆ ಸಾರ್. ಒಂದೇ ಒಂದು ದಿನ ನನ್ ಪಕ್ಕ ಸುಮ್ನೆ ಕೂತ್ಕೊಳ್ಳಿ ಅಂತ ಕೇಳಿದ್ದೆ. ಸೀರೆ ಕೇಳ್ಲಿಲ್ಲ, ಬಳೆ ಕೇಳ್ಲಿಲ್ಲ.”

ಹಾಸಿಗೆಯೊಳಗಿನ ಹತ್ತಿ ಗಂಟುಗಟ್ಟಿ ಕಲ್ಲಾಗಿದೆಯೆಂದು ತೀರ್ಮಾನಿಸಿದ ಪತಿಯವರು ಮನೆಮಂದಿಯನ್ನು ಅದರ ಮೇಲೆ ಮಲಗಗೊಡದೆ ನೆಲದ ಮೇಲೆ ಜಮಖಾನ ಹಾಸಿದರು. ಆ ರಾತ್ರಿ ಚಿರತೆ ಎರಡು ಸಲ ಗುರ್ರೆಂದಿತು. ಮಗು ಖುಷಿಯಿಂದ ಚೀರಿತು. ಶ್ರೀ ಬಷೀರ್ ಅಹಮದ್‌ರವರು ಮಾತ್ರ ಚಿರತೆಯ ಕಡೆ ಕಿವಿಗೊಡದೆ ಮಂಚದ ಕಡೆಯೇ ನೋಡುತ್ತಿದ್ದರೆಂದು ವರದಿಯಾಗಿದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಅತಿಥಿಗಳನ್ನು ಬ್ಯಾಟರಿ ಗಾಡಿಯಲ್ಲಿ ಸುತ್ತಾಡಿಸುವ ಕಾರ್ಯಕ್ರಮವಿತ್ತು. ಪತಿಯವರು ಮಂಡಿ ನೋವೆಂದು ಕಾರಣ ನೀಡಿ ಉಳಿದುಕೊಂಡರು. ರಹೀಮುನ್ನೀಸಾರವರು ಅದನ್ನು ನಂಬಿ ಆ ಮಂಡಿಗೆ ಎಣ್ಣೆ ಹಚ್ಚಿಯೇ ಹೋದರು. ಮುಕ್ಕಾಲು ಗಂಟೆಯ ನಂತರ ಮೊಮ್ಮಗಳ ಕೈ ಹಿಡಿದು ಹಿಂದಿರುಗಿದಾಗ ಜಗಲಿಯ ತುಂಬ ಹತ್ತಿ ಹರಡಿತ್ತು. ಅದರ ನಡುವೆ ಪತಿಯವರು ಕೋತಿ ಓಡಿಸಲು ಇಟ್ಟಿದ್ದ ಸರ್ಕಾರಿ ಕೋಲನ್ನು ಹಿಡಿದು ನಿಂತಿದ್ದರು.

ಆಕೆ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತೆಂದು ಪತಿಯವರೇ ಒಪ್ಪಿಕೊಂಡಿರುತ್ತಾರೆ. “ಮಾತು ಕೊಟ್ಟಿದ್ದು ನಿಜ ಸಾರ್. ಆದ್ರೆ ಇಂಥಾ ಹಾಸ್ಗೆ ಇರುತ್ತೆ ಅಂತ ಯಾರಿಗ್ ಗೊತ್ತಿತ್ತು?” ಎಂಬುದು ಅವರ ಸಮಜಾಯಿಷಿ. ರಹೀಮುನ್ನೀಸಾರವರು ಮಗುವನ್ನು ಕರೆದುಕೊಂಡು ಹೋಗಿ, ಕುಟೀರಕ್ಕೆ ಬೆನ್ನು ಮಾಡಿ, ಕರಡಿ ಆವರಣದ ಎದುರಿನ ಕಲ್ಲುಬೆಂಚಿನ ಮೇಲೆ ಕುಳಿತರು. ಆಕೆಗೆ ದುಃಖವಾಗಿತ್ತು. ಈ ಪದ ಕಡತಕ್ಕೆ ಒಗ್ಗುವುದಿಲ್ಲವಾದರೂ ಬೇರೆ ಪದ ದೊರೆಯದ ಕಾರಣ ಉಳಿಸಿಕೊಳ್ಳಲಾಗಿದೆ.

ಬೆಂಚಿನ ಎದುರಿಗೆ ಇಪ್ಪತ್ತಾರು ವರ್ಷದ ಕುಮಾರಿ ಸಿಮೆಂಟು ನೆಲದ ಮೇಲೆ ಮಲಗಲು ಯತ್ನಿಸುತ್ತಿತ್ತು. ಸೊಂಟ ಹಿಡಿದ ಆ ಮುದಿ ಕರಡಿ ಮಲಗುವುದು, ನರಳುವುದು, ಏಳುವುದು, ಒಂದು ಸುತ್ತು ಹಾಕಿ ಮತ್ತೆ ಮಲಗಲು ನೋಡುವುದು ಮಾಡುತ್ತಿತ್ತು. ಅರ್ಧ ಗಂಟೆ ರಹೀಮುನ್ನೀಸಾರವರು ಇದನ್ನೇ ನೋಡಿದರು.

ಇತ್ತ ಹಿಂಜಿದ ಹತ್ತಿ ಉಬ್ಬಿ, ಹಳೆಯ ಹೊದಿಕೆಗೆ ಪೂರ್ತಿ ಹಿಡಿಸದೆ ಸಾಕಷ್ಟು ಮಿಕ್ಕಿತು. ಅದನ್ನು ಪ್ರಾಣಿಪಾಲಕರು ಕರಡಿಗಾಗಿ ಕೇಳಿ ಪಡೆದಿರುತ್ತಾರೆ. ಅವರ ಹೇಳಿಕೆ: “ಎರಡು ದಿನದಿಂದ ಮಗ್ಗುಲು ಬದಲಾಯ್ಸಕ್ಕೂ ಆಗ್ದೆ ಒದ್ದಾಡ್ತಿತ್ತು ಸಾ. ಬಾಯಿಲ್ದ ಪ್ರಾಣಿ, ನೋಡಕಾಗ್ನಿಲ್ಲ. ಮಿಕ್ಕಿದ್ದ ಕೊಟ್ಬುಡಿ ಸಾಬ್ರೇ ಅಂದೆ. ಅದೂ ತಪ್ಪಾ?”

ಶ್ರೀ ಬಷೀರ್ ಅಹಮದ್‌ರವರು ಗೋಣಿಚೀಲಗಳನ್ನು ಜೋಡಿಸಿ ಹೊಲಿಯತೊಡಗಿದರು. ಆಗ ಪತ್ನಿಯವರು ಬೆಂಚಿನಿಂದ ಎದ್ದು ಬಂದು, “ನಿಮ್ಮ ಹೊಲಿಗೆ ಎರಡು ದಿನಾನೂ ಬಾಳಲ್ಲ, ಕೊಡಿ ಇಲ್ಲಿ” ಎಂದು ಸೂಜಿ ಕಿತ್ತುಕೊಂಡಿರುತ್ತಾರೆ. ಗಂಡಹೆಂಡತಿ ಪಕ್ಕಪಕ್ಕದಲ್ಲಿ ಕುಳಿತಿದ್ದುದು ನಿಜವಾದರೂ ನಡುವೆ ಗೋಣಿಚೀಲವಿತ್ತು. ಆಕೆ ಕೇಳಿದ್ದು ಹೀಗೆ ಕುಳಿತುಕೊಳ್ಳುವುದನ್ನಲ್ಲ.

ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲರ ಗಮನಕ್ಕೆ ತರುವುದೇನೆಂದರೆ:

1. ಅತಿಥಿಗಳು ಹಾಸಿಗೆಯನ್ನು ಬೆನ್ನಿನಿಂದ ಮಾತ್ರ ಬಳಸತಕ್ಕದ್ದು. ಅಂಗೈಯಿಂದ ಒತ್ತಿ ನೋಡತಕ್ಕದ್ದಲ್ಲ. ಅಕಸ್ಮಾತ್ ಒತ್ತಿದಲ್ಲಿ ಮುಖ ಸಿಂಡರಿಸುವುದು, ತುಟಿ ಕಚ್ಚುವುದು ಹಾಗೂ “ಯಾರು ಮಾಡಿದ್ದು ಇದು?” ಎಂದು ಕೇಳುವುದನ್ನು ನಿರ್ಬಂಧಿಸಲಾಗಿದೆ.

2. ಹತ್ತಿ ಬಡಿದ ಸದ್ದನ್ನು ಗುಡುಗೆಂದು ತಿಳಿದು ಮೂರು ನವಿಲುಗಳು ಗರಿ ಬಿಚ್ಚಿ ಒಂದು ಗಂಟೆ ಮಳೆಗಾಗಿ ಕಾದಿರುತ್ತವೆ. ಪ್ರಾಣಿಪಕ್ಷಿಗಳಿಗೆ ಹವಾಮಾನದ ಬಗ್ಗೆ ತಪ್ಪು ಮಾಹಿತಿ ನೀಡುವುದು ಶಿಸ್ತುಕ್ರಮಕ್ಕೆ ಒಳಪಟ್ಟಿರುತ್ತದೆ.

3. ದಾಸ್ತಾನಿನಲ್ಲಿ ಎರಡೇ ಹಾಸಿಗೆಗಳಿದ್ದು, ಘಟನೆಯ ನಂತರ ಮೂರಾಗಿರುತ್ತವೆ. ವಸ್ತು ಕಡಿಮೆಯಾದರೆ ತುಂಬಲು ನಮೂನೆಯಿದೆ; ಹೆಚ್ಚಾದರೆ ಇಲ್ಲ. ಆದ್ದರಿಂದ ಇನ್ನು ಮುಂದೆ ಹಿಂಜಿದ ಹತ್ತಿಯು ಉಬ್ಬತಕ್ಕದ್ದಲ್ಲ.

4. ಕುಮಾರಿಯನ್ನು ಪಕ್ಕದ ಕೋಣೆಗೆ ಸಾಗಿಸಿ, ಪಶುವೈದ್ಯರ ಒಪ್ಪಿಗೆ ಪಡೆದು ಹಾಸಿಗೆ ಹಾಕಲಾಯಿತು. ಹೊರಬಂದ ಸದರಿ ಕರಡಿಯು ಅದನ್ನು ಮೂಸಿ, ಮೆಲ್ಲಗೆ ಏರಿ, ಹತ್ತೂವರೆಗೆ ಮಲಗಿದ್ದು ಸಂಜೆ ನಾಲ್ಕರವರೆಗೂ ಎದ್ದಿರುವುದಿಲ್ಲ. ಭಾನುವಾರದ ಜನಸಂದಣಿಯಲ್ಲಿ ಇದು ಸ್ಪಷ್ಟ ಕರ್ತವ್ಯಲೋಪ. ಕಾರಣ ಕೇಳಿ ನೋಟಿಸು ನೀಡಲಾಗಿದ್ದು, ಕುಮಾರಿಯು ಮಗ್ಗುಲು ಬದಲಾಯಿಸಿರುವುದನ್ನೇ ಉತ್ತರವೆಂದು ಪರಿಗಣಿಸಲಾಗಿದೆ.

5. ಇದೇ ಸೌಲಭ್ಯವನ್ನು ಇತರ ಪ್ರಾಣಿಗಳು ಕೋರುವಂತಿಲ್ಲ. ಮುಳ್ಳುಹಂದಿಯ ಪರವಾಗಿ ತಮನ್ನಾ ಸಲ್ಲಿಸಿದ ಮನವಿಯನ್ನು ತಾಂತ್ರಿಕ ಕಾರಣಗಳಿಂದ ತಿರಸ್ಕರಿಸಲಾಗಿದೆ.

6. ಸುದ್ದಿ ತಿಳಿದ ಕೂಡಲೇ ವಸತಿಗೃಹಗಳ ಸಿಬ್ಬಂದಿ ತಮ್ಮ ತಮ್ಮ ದಿಂಬುಗಳನ್ನು ಕಂಕುಳಲ್ಲಿ ಇರುಕಿಕೊಂಡು ಕುಟೀರದ ಮುಂದೆ ಸಾಲು ನಿಂತದ್ದು ನಾಚಿಕೆಗೇಡು. ಕಾವಲುಗಾರರೊಬ್ಬರು ಸಂತೆಮರಹಳ್ಳಿಯ ಮನೆಯಿಂದ ಜೋಡಿ ಹಾಸಿಗೆಯನ್ನೇ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಿರುತ್ತಾರೆ. ಈ ಕೆಲಸದಿಂದ ದಂಪತಿಗೆ ಸಂಜೆ ಐದರವರೆಗೂ ತಲೆಯೆತ್ತಲಾಗಿಲ್ಲ. ಆ ಸಾಲಿನಲ್ಲಿ ನಾಲ್ಕನೆಯದು ಈ ಕೆಳಗೆ ಸಹಿ ಮಾಡಿರುವವರ ದಿಂಬಾಗಿತ್ತು. ಅಂದಿನಿಂದ ಸದರಿಯವರಿಗೆ ಕುತ್ತಿಗೆ ನೋವಿಲ್ಲ. ರಾತ್ರಿ ನಿದ್ದೆ ಬರುತ್ತಿದೆ, ಬೆಳಗಾದರೆ ಆ ಹೆಣ್ಣುಮಗಳು ಬೆಂಚಿನ ಮೇಲೆ ಬೆನ್ನು ಮಾಡಿ ಕುಳಿತದ್ದು ನೆನಪಿಗೆ ಬರುತ್ತಿದೆ.

7. ಪತಿಯವರು ಮಾತು ತಪ್ಪಿರುವುದು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ತಪ್ಪಿಸಿದ್ದು ಈ ಕಚೇರಿಯ ಹಾಸಿಗೆ, ಮುಂದುವರಿಸಿದ್ದು ಈ ಕಚೇರಿಯ ಸಿಬ್ಬಂದಿ. ಮೂವತ್ತೊಂದು ವರ್ಷ ಕಾದು ಪಡೆದ ಒಂದು ದಿನವನ್ನು ನಾವೆಲ್ಲ ಸೇರಿ ತಿಂದುಹಾಕಿರುತ್ತೇವೆ. ದಿನವೊಂದನ್ನು ಹಿಂದಿರುಗಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ. ಆದಾಗ್ಯೂ ಎರಡನೇ ಕುಟೀರವನ್ನು ಶ್ರೀಮತಿ ರಹೀಮುನ್ನೀಸಾರವರ ಹೆಸರಿನಲ್ಲಿ ಕಾದಿರಿಸಲಾಗಿದೆ. ಅವರು ಬರುವ ದಿನ ಸಿಬ್ಬಂದಿಯ ದಿಂಬುಗಳನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕತಕ್ಕದ್ದು. ಶ್ರೀ ಬಷೀರ್ ಅಹಮದ್‌ರವರು ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಪತ್ನಿಯ ಪಕ್ಕದಲ್ಲಿ ಕೂರತಕ್ಕದ್ದು. ಕುಮಾರಿಯ ಹಾಸಿಗೆ ಹರಿದಿದ್ದರೂ ಹರಿದಿದೆಯೆಂದು ಯಾರೂ ಅವರಿಗೆ ಹೇಳತಕ್ಕದ್ದಲ್ಲ.

ಈ ಸುತ್ತೋಲೆಯು ಕುಮಾರಿ ಎಚ್ಚರಗೊಳ್ಳದಂತೆ ತಕ್ಷಣದಿಂದ ಜಾರಿಗೆ ಬರುತ್ತದೆ.

ಸಹಿ/-
ವ್ಯವಸ್ಥಾಪಕರು
ಕಿರು ಮೃಗಾಲಯ ನಿರ್ವಹಣಾ ಕಚೇರಿ

ಪ್ರತಿಗಳು:
1. ಪ್ರಾಣಿಪಾಲಕ ಗುರುಸಿದ್ದಯ್ಯನವರಿಗೆ: ಮೆಚ್ಚುಗೆಯೊಂದಿಗೆ ಎಚ್ಚರಿಕೆ ನೀಡಲಾಗಿದೆ.
2. ನವಿಲು ಆವರಣದ ಸೂಚನಾ ಫಲಕಕ್ಕೆ: ಅಂದು ಮಳೆ ಬಂದಿರುವುದಿಲ್ಲ ಎಂಬ ಸ್ಪಷ್ಟೀಕರಣದೊಂದಿಗೆ.
3. ಕಾವಲುಗಾರರಿಗೆ: ಜೋಡಿ ಹಾಸಿಗೆಯನ್ನು ಬಂದ ಬಸ್ಸಿನಲ್ಲೇ ವಾಪಸ್ಸು ಕಳುಹಿಸಲು.
4. ಶ್ರೀ ಬಷೀರ್ ಅಹಮದ್‌ರವರಿಗೆ: ಒಂದನೇ ಅಂಶವನ್ನು ಬಾಯಿಪಾಠ ಮಾಡಲು.
5. ಶ್ರೀಮತಿ ರಹೀಮುನ್ನೀಸಾರವರಿಗೆ: ದಿನಾಂಕದ ಜಾಗವನ್ನು ಖಾಲಿ ಬಿಡಲಾಗಿದೆ. ತಮಗೆ ಬೇಕಾದ ದಿನವನ್ನು ತಾವೇ ತುಂಬಿಕೊಳ್ಳುವುದು. ತಮಗೆ ಯಾವ ಷರತ್ತೂ ಅನ್ವಯಿಸುವುದಿಲ್ಲ.